ಅಗ್ಗದ ಪೆಟ್ಟಿಗೆ

ಜಾಸ್ ಎಂಬುದು ಆಫ್ರಿಕನ್ ಮೂಲದ ಅಮೆರಿಕನ್ನರು ಕಟ್ಟಿ ಬೆಳೆಸಿದ ಸಂಗೀತ. ಅದರ ಹಳೆಯ ಧ್ವನಿಮುದ್ರಿಕೆಗಳನ್ನು ಒಟ್ಟುಗೂಡಿಸಿ ಪೆಟ್ಟಿಗೆಗಳಲ್ಲಿ ಮಾರುವುದುಂಟು. ಅವನ್ನು ಕೂಡಿಡುವ ಹುಚ್ಚು ನನಗಿದೆ. ಹುಚ್ಚು ದೊಡ್ಡದು, ಹಣದ ಚೀಲ ಚಿಕ್ಕದು.

ಲೂಯಿ ಆರ್ಮ್‌ಸ್ಟ್ರಾಂಗ್ ಅವರು 1925ರಿಂದ 1928ರವರೆಗೆ ‘ಹಾಟ್ ಫೈವ್’, ‘ಹಾಟ್ ಸೆವೆನ್’ ತಂಡಗಳೊಡನೆ ನುಡಿಸಿದ ಕೃತಿಗಳನ್ನೇ ನೋಡಿರಿ. ಕೊಲಂಬಿಯ ಸಂಸ್ಥೆ 2000ದಲ್ಲಿ ಹೊರತಂದ ನಾಲ್ಕು ಸಿ.ಡಿ.ಗಳ ಪೆಟ್ಟಿಗೆಗೆ ಬೆಲೆ ಹೆಚ್ಚು. ಇಂಗ್ಲೆಂಡಿನ ಜೆ.ಎಸ್.ಪಿ. ಸಂಸ್ಥೆ 1999ರಲ್ಲಿ ಹೊರಡಿಸಿದ ನಾಲ್ಕು ಸಿ.ಡಿ.ಗಳದು ಅಗ್ಗ. ಆಗ ಯುರೋಪಿನಲ್ಲಿ ಧ್ವನಿಮುದ್ರಿಕೆಯ ಹಕ್ಕು ಐವತ್ತು ವರ್ಷಕ್ಕೆ ಮುಗಿಯುತ್ತಿತ್ತು. ಆಮೇಲೆ ಯಾರು ಬೇಕಾದರೂ ಅಚ್ಚು ಹಾಕಬಹುದಿತ್ತು. ಅಗ್ಗವೆಂದು ಹೀಗಳೆಯುವಂತಿಲ್ಲ. ಹಳೆಯ ತಟ್ಟೆಗಳ ಗೊರಗೊರ ಸದ್ದನ್ನು ತಗ್ಗಿಸಿ, ವಾದ್ಯದ ಜೀವಕ್ಕೆ ಧಕ್ಕೆ ಬಾರದಂತೆ ಕಾಪಾಡಿದವರು ಜಾನ್ ಆರ್. ಟಿ. ಡೇವಿಸ್ ಎಂಬ ನಿಪುಣರು.

ಇನ್ನೂ ಅಗ್ಗದ ಪೆಟ್ಟಿಗೆಗಳುಂಟು. ಅವುಗಳಲ್ಲಿ ಎಷ್ಟೋ ವೇಳೆ ನುಡಿಸಿದವರ ಹೆಸರೇ ಇರುವುದಿಲ್ಲ. ನಾಯಕನೊಬ್ಬನ ಹೆಸರು ಮುಚ್ಚಳದ ಮೇಲೆ ಮೆರೆಯುತ್ತದೆ. ಉಳಿದವರು ಬರಿಯ ಸದ್ದಾಗುತ್ತಾರೆ. ಹಣ ಉಳಿಸಲು ತೆರುವ ಈ ಬೆಲೆಯನ್ನು ನಾನು ಒಪ್ಪಲಾರೆ. ಆದುದರಿಂದ ಪುಸ್ತಕಗಳಲ್ಲಿ ಹುಡುಕಿ ಅವರ ಹೆಸರುಗಳನ್ನು ನೋಟುಪುಸ್ತಕದಲ್ಲಿ ಬರೆದಿಡುತ್ತೇನೆ. ಮೊದಲ ಪುಟದಲ್ಲಿ ಹೀಗಿದೆ: 1925 ನವೆಂಬರ್ 12, ಷಿಕಾಗೊ. ಕಾರ್ನೆಟ್, ಆರ್ಮ್‌ಸ್ಟ್ರಾಂಗ್, ಟ್ರಾಂಬೋನ್, ಕಿಡ್ ಓರಿ, ಕ್ಲಾರಿನೆಟ್, ಜಾನಿ ಡಾಡ್ಸ್, ಬ್ಯಾಂಜೊ, ಜಾನಿ ಸೇಂಟ್ ಸಿರ್, ಪಿಯಾನೊ, ಲಿಲ್ ಹಾರ್ಡಿನ್ ಆರ್ಮ್‌ಸ್ಟ್ರಾಂಗ್.