ಸೆಂಟ್ ಐಟಮ್ಸ್1ರಲ್ಲಿ ಸಿಕ್ಕಿದ ಮನೆ

ಯಲಹಂಕದ ನಮ್ಮ ಬಾಡಿಗೆ ರೂಮಿನಲ್ಲಿ ಹಳೆಯದೊಂದು ಕಂಪ್ಯೂಟರ್ ಇದೆ. ಹತ್ತು ವರ್ಷದಿಂದ ಸುದ್ದಿ ಕಳಿಸಿದ್ದೆಲ್ಲ ಅದರೊಳಗಿನ ಔಟ್‌ಲುಕ್‌ನಲ್ಲೇ. ಫೋನಿನಲ್ಲಿ ಜಿಮೇಲ್ ನೋಡುವವರಿಗೆ ಇದು ಹೊಸದು ಅನ್ನಿಸಬಹುದು. ಜಿಮೇಲ್‌ನಲ್ಲಿ ಪತ್ರಗಳು ಕಂಪನಿಯ ಸರ್ವರಿನಲ್ಲಿ ಇರುತ್ತವೆ. ನಾವು ಇಟ್ಟುಕೊಂಡಿದ್ದ ವ್ಯವಸ್ಥೆಯಲ್ಲಿ ಬಂದದ್ದು, ಹೋದದ್ದು, ಫೋಟೋ, ಪ್ರೆಸ್ ನೋಟ್ ಎಲ್ಲವೂ ನಮ್ಮ ಕಂಪ್ಯೂಟರಿನ ಒಂದೇ ಒಂದು ಫೈಲಿನಲ್ಲಿ ಕೂತಿರುತ್ತವೆ. ಆ ಫೈಲಿಗೆ ಪಿಎಸ್‌ಟಿ ಅಂತ ಹೆಸರು. ಮನೆಯ ದಾಖಲೆಗಳನ್ನೆಲ್ಲ ಒಂದೇ ಟ್ರಂಕಿನಲ್ಲಿ ಇಟ್ಟ ಹಾಗೆ. ಟ್ರಂಕಿಗೆ ನೀರು ನುಗ್ಗಿದರೆ ಎಲ್ಲವೂ ಒದ್ದೆ.

2021ರಲ್ಲಿ ಒಂದು ರಾತ್ರಿ ಸುದ್ದಿ ಕಳಿಸುತ್ತಿದ್ದಾಗ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು, ನಾವು ಹಾಕಿಸಿರಲಿಲ್ಲ. ಕರೆಂಟ್ ಬಂದ ಮೇಲೆ ಔಟ್‌ಲುಕ್ ತೆರೆಯಲೇ ಇಲ್ಲ. ಫೈಲ್ ಕೆಟ್ಟಿದೆ ಅಂತ ಒಂದು ಸಾಲಿನ ಸಂದೇಶ ಬಂತು, ಅಷ್ಟೇ.

ಇದಕ್ಕೆ ಔಟ್‌ಲುಕ್ ಜೊತೆಯಲ್ಲೇ ಬರುವ ಒಂದು ಸಣ್ಣ ರಿಪೇರಿ ಸಾಧನವಿದೆ. ಹೆಸರು ಸ್ಕ್ಯಾನ್‌ಪಿಎಸ್‌ಟಿ. ಔಟ್‌ಲುಕ್ ಮುಚ್ಚಿ, ಇದಕ್ಕೆ ಕೆಟ್ಟ ಫೈಲನ್ನು ತೋರಿಸಿದರೆ ಒಳಗೆಲ್ಲ ಹುಡುಕಿ ಸರಿ ಮಾಡುತ್ತದೆ. ಎಲ್ಲಿಗೆ ಸೇರಿದ್ದು ಅಂತ ಗೊತ್ತಾಗದ ಪತ್ರಗಳನ್ನು ‘ಲಾಸ್ಟ್ ಅಂಡ್ ಫೌಂಡ್’ ಅನ್ನುವ ಫೋಲ್ಡರಿಗೆ ಹಾಕುತ್ತದೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ಪೊಲೀಸ್ ಚೌಕಿಯಲ್ಲಿ ಕೂರಿಸಿದ ಹಾಗೆ. ಆದರೆ ಪೂರ್ತಿ ಹಾಳಾದ ಭಾಗವನ್ನು ಅದು ಮತ್ತೆ ಹುಟ್ಟಿಸಲಾರದು, ಬಿಟ್ಟುಬಿಡುತ್ತದೆ. ಈ ಮಾತು ನಮಗೆ ಆಮೇಲೆ ಅರ್ಥವಾಯಿತು.

ರಿಪೇರಿ ಮುಗಿದು ಪತ್ರಗಳೆಲ್ಲ ಕಂಡಾಗ ಹೋದ ಜೀವ ಬಂದಂತಾಯಿತು. ಆದರೂ ಅನುಮಾನ. ಎರಡು ವರ್ಷದ ಹಿಂದೆ ಪೆನ್‌ಡ್ರೈವಿಗೆ ಹಾಕಿಟ್ಟ ಬ್ಯಾಕಪ್ ಒಂದಿತ್ತು. ಅದನ್ನೂ ತೆರೆದು ಅದರ ಫೋಲ್ಡರುಗಳನ್ನು ಎಳೆದು ತಂದು ಹಾಕಿದೆವು. ಅದೇ ಹೆಸರಿನ ಫೋಲ್ಡರ್ ಮೊದಲೇ ಇದ್ದರೆ ಔಟ್‌ಲುಕ್ ಹೊಸದಕ್ಕೆ ಕೊನೆಯಲ್ಲಿ ಒಂದು ಅಂತ ಸೇರಿಸುತ್ತದೆ. ಹಾಗಾಗಿ ಇನ್‌ಬಾಕ್ಸ್, ಇನ್‌ಬಾಕ್ಸ್1. ಸೆಂಟ್ ಐಟಮ್ಸ್, ಸೆಂಟ್ ಐಟಮ್ಸ್1. ಎಲ್ಲ ಎರಡೆರಡು. ಕೆಲಸ ಮುಗಿಯಿತು ಅಂದುಕೊಂಡು ಪೆನ್‌ಡ್ರೈವ್ ಖಾಲಿ ಮಾಡಿ, ಗೆಳೆಯನಿಗೆ ಮದುವೆ ವಿಡಿಯೋ ತುಂಬಿಸಲು ಕೊಟ್ಟೆವು. ಇದು ನಾವು ಮಾಡಿದ ಮೊದಲ ತಪ್ಪು.

ಮುಂದಿನ ಭಾನುವಾರ ಗುಡಿಸಲು ಕೂತೆವು. ಎರಡೂ ಕಡೆ ಅದೇ ವಿಷಯ, ಅದೇ ತಾರೀಖು, ಅದೇ ಹೆಸರು. ‘1’ ಅಂತ ಇರುವುದೆಲ್ಲ ನಕಲು ಅಂತ ತೀರ್ಮಾನಿಸಿದೆವು. ಇನ್‌ಬಾಕ್ಸ್1 ಪೂರ್ತಿ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆವು. ಸೆಂಟ್ ಐಟಮ್ಸ್1ರ ಮೇಲೆ ಕೈ ಇಡುವ ಹೊತ್ತಿಗೆ ಫೋನ್ ಬಂತು.

ಶಿವರಾಮ ಕಾರಂತ ಬಡಾವಣೆಯ ಪಟ್ಟಿಯಲ್ಲಿರುವ ಒಂದು ಹಳ್ಳಿಯ ಹುಡುಗ. ಮಾತಾಡಿದ್ದು ಅವನ ಅಜ್ಜಿ. ‘ಏನಪ್ಪಾ ಪೇಪರಿನವ್ನೇ, ಅವತ್ತು ರಸ್ತೆ ಕೆಸರಾಗೈತೆ ಅಂತ ನಮ್ಮನೆ ಮುಂದೆ ನಿಂತ್ಕೊಂಡು ಫೋಟೋ ಹಿಡ್ಕೊಂಡೋದ್ಯಲ್ಲ, ಅದು ಐತೇನಪ್ಪಾ?’

ಈ ಕಡೆಯವರಿಗೆ ಕಥೆ ಗೊತ್ತು, ದೂರದವರಿಗೆ ಹೇಳುತ್ತೇವೆ. ಬಿಡಿಎ 2008ರ ಡಿಸೆಂಬರ್ 30ರಂದು ಯಲಹಂಕ ಸುತ್ತಿನ 17 ಹಳ್ಳಿಗಳ 3,546 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಸೋಮಶೆಟ್ಟಿಹಳ್ಳಿ, ಮೇಡಿ ಅಗ್ರಹಾರ, ಬ್ಯಾಲಕೆರೆ, ಆವಲಹಳ್ಳಿ ಎಲ್ಲ ಅದರಲ್ಲಿವೆ. ನಡುವೆ ಹೈಕೋರ್ಟ್ ಅದನ್ನು ರದ್ದು ಮಾಡಿತ್ತು. ವರ್ಷಗಳು ಉರುಳಿದವು, ಜನ ಸೈಟು ಕೊಂಡರು, ಮನೆ ಕಟ್ಟಿದರು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಬಡಾವಣೆ ಮುಂದುವರಿಯಲಿ ಅಂದಿತು. 2020ರ ಡಿಸೆಂಬರಿನಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿ ನೇಮಿಸಿತು. 2018ರ ಆಗಸ್ಟ್ 3ಕ್ಕೆ ಮೊದಲೇ ಕಟ್ಟಿದ ಮನೆಗಳ ದಾಖಲೆ ನೋಡಿ, ಸಕ್ರಮ ಮಾಡಬಹುದೇ ಅಂತ ವರದಿ ಕೊಡುವುದು ಸಮಿತಿಯ ಕೆಲಸವಾಗಿತ್ತು. ಹಾಗಾಗಿ ಆಗ ಮನೆಮನೆಯಲ್ಲೂ ಒಂದೇ ಹುಡುಕಾಟ: ಆ ತಾರೀಖಿಗಿಂತ ಮೊದಲು ನಮ್ಮ ಮನೆ ಇತ್ತು ಅನ್ನಲು ಏನಿದೆ? ಕರೆಂಟ್ ಬಿಲ್, ಕಂದಾಯದ ರಸೀದಿ, ಯಾವುದಾದರೂ ಒಂದು ಚೀಟಿ.

ಅಜ್ಜಿಯ ಹತ್ತಿರ ಕಂದಾಯದ ರಸೀದಿ ಇತ್ತು, ಕರೆಂಟ್ ಬಿಲ್ಲೂ ಇತ್ತು. ಆದರೆ ಬಿಲ್ಲಿನ ಅಕ್ಷರ ಮಾಸಿ ಬಿಳಿ ಕಾಗದವಾಗಿತ್ತು. ಮನೆಯ ಹಳೆ ಫೋಟೋ ಒಂದೂ ಇಲ್ಲ. ನಾವು ಆ ಸುದ್ದಿ ಮಾಡಿದ್ದು 2017ರ ಮಳೆಗಾಲದಲ್ಲಿ. ಪತ್ರಿಕೆಯಲ್ಲಿ ಬಂದದ್ದು ಕೆಸರಿನ ಗುಂಡಿ ಮಾತ್ರ, ಹಿಂದಿದ್ದ ಶೀಟಿನ ಮನೆಯನ್ನು ಡೆಸ್ಕಿನವರು ಕತ್ತರಿಸಿದ್ದರು. ಅದು ಅವರ ತಪ್ಪಲ್ಲ, ಸುದ್ದಿ ಇದ್ದದ್ದು ರಸ್ತೆಯದು. ಕ್ಯಾಮೆರಾದ ಕಾರ್ಡನ್ನು ನಾವು ಎಷ್ಟೋ ಸಲ ಅಳಿಸಿ ಬಳಸಿದ್ದೆವು. ಪೂರ್ತಿ ಫೋಟೋ ಉಳಿದಿದ್ದರೆ ಅದು ಕಳಿಸಿದ ಮೇಲ್‌ನಲ್ಲಿ ಮಾತ್ರ.

ಸೆಂಟ್ ಐಟಮ್ಸ್ ತೆರೆದೆವು. ಮೇಲ್ ಇತ್ತು. ವಿಷಯ ಸರಿ, ತಾರೀಖು ಸರಿ. ತೆರೆದರೆ ಎರಡು ಸಾಲು ಒಕ್ಕಣೆ, ಕೆಳಗೆ ಏನೂ ಇಲ್ಲ. ಫೋಟೋ ಇರಬೇಕಾದ ಜಾಗ ಖಾಲಿ. ರಿಪೇರಿ ಸಾಧನ ಬಿಟ್ಟುಬಿಟ್ಟ ಭಾಗ ಅದು. ಕೈಕಾಲು ತಣ್ಣಗಾಯಿತು. ನಂತರ ಸೆಂಟ್ ಐಟಮ್ಸ್1 ತೆರೆದೆವು. ಅದೇ ಮೇಲ್, ಅದೇ ನಿಮಿಷ. ಮುಂದೆ ಪೇಪರ್ ಕ್ಲಿಪ್ಪಿನ ಗುರುತು. ಫೋಟೋ ತೆರೆಯಿತು. ಕೆಸರು, ಒಂದು ಹಸು, ಹಿಂದೆ ನೀಲಿ ಬಾಗಿಲಿನ ಮನೆ, ಬಾಗಿಲಲ್ಲಿ ಅಜ್ಜಿ.

ನಾವು ನಕಲು ಅಂದುಕೊಂಡದ್ದೇ ಪೂರ್ತಿಯಾಗಿತ್ತು, ಅಸಲು ಅಂದುಕೊಂಡದ್ದು ಬರೀ ಸಿಪ್ಪೆ. ಇನ್ನೊಂದು ನಿಮಿಷ ಫೋನ್ ತಡವಾಗಿದ್ದರೆ ಅಜ್ಜಿಗೆ ‘ಇಲ್ಲಮ್ಮ’ ಅನ್ನಬೇಕಿತ್ತು.

ಫೋಟೋವನ್ನೂ ಮೇಲ್‌ನ ತಾರೀಖು ಕಾಣುವ ಪ್ರಿಂಟನ್ನೂ ತೆಗೆದುಕೊಟ್ಟೆವು. ಅವರು ರಸೀದಿಯ ಜೊತೆ ಸೇರಿಸಿ ಅರ್ಜಿ ಹಾಕಿದರು. ಫೋಟೋ ಒಂದರಿಂದಲೇ ಯಾರ ಮನೆಯೂ ಉಳಿಯುವುದಿಲ್ಲ, ಅದು ನಮಗೂ ಗೊತ್ತು, ಅಜ್ಜಿಗೂ ಗೊತ್ತು. ಆದರೆ ಮಾಸಿದ ಬಿಲ್ಲಿನ ಪಕ್ಕದಲ್ಲಿ ಹಿಡಿಯಲು ಅವರ ಕೈಗೆ ಒಂದು ಸಿಕ್ಕಿತು.

ಆಮೇಲೆ ಕೆಲಸವನ್ನು ಮೊದಲಿನಿಂದ ಮಾಡಿದೆವು. ಮೊದಲು ಇಡೀ ಫೈಲಿನ ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ ಎತ್ತಿಟ್ಟೆವು. ಹೊಸ ಖಾಲಿ ಪಿಎಸ್‌ಟಿ ಒಂದು ಮಾಡಿದೆವು. ಒಂದೊಂದೇ ಫೋಲ್ಡರ್ ಜೋಡಿಯನ್ನು ತೆರೆದು, ಪತ್ರಗಳನ್ನು ಗಾತ್ರದ ಪ್ರಕಾರ ಜೋಡಿಸಿದೆವು. ಹೆಸರು, ತಾರೀಖು ಎರಡೂ ಒಂದೇ ಇದ್ದು ಒಂದು 5 ಕೆಬಿ, ಇನ್ನೊಂದು 2 ಎಂಬಿ ಇದ್ದರೆ ಅವು ಅವಳಿಗಳಲ್ಲ. ದೊಡ್ಡದನ್ನು ತೆರೆದು ನೋಡಿ ಹೊಸ ಫೈಲಿಗೆ ಸಾಗಿಸಿದೆವು. ಔಟ್‌ಲುಕ್‌ನ ಇಂಪೋರ್ಟ್‌ನಲ್ಲಿ ‘ಡು ನಾಟ್ ಇಂಪೋರ್ಟ್ ಡೂಪ್ಲಿಕೇಟ್ಸ್’ ಅಂತ ಒಂದು ಆಯ್ಕೆ ಇದೆ. ಗಾತ್ರವೂ ಒಂದೇ ಇದ್ದ ಪತ್ರಗಳಿಗೆ ಮಾತ್ರ ಅದನ್ನು ಬಳಸಿದೆವು. ನಾಲ್ಕು ಭಾನುವಾರ ಹಿಡಿಯಿತು. ಈಗ ವರ್ಷಕ್ಕೊಂದು ಬೇರೆ ಫೈಲ್ ಮಾಡುತ್ತೇವೆ. ಹಳೆ ನಮೂನೆಯ ಪಿಎಸ್‌ಟಿ 2 ಜಿಬಿ ಮುಟ್ಟಿದರೆ ಕೆಡುತ್ತಿತ್ತು. ಈಗಿನದಕ್ಕೆ ಮಿತಿ ದೊಡ್ಡದು, ಆದರೂ ಎಲ್ಲ ಬೀಜ ಒಂದೇ ಚೀಲದಲ್ಲಿ ಇಡುವುದು ಬೇಡ.

ಅಳಿಸಿದ ಇನ್‌ಬಾಕ್ಸ್1ರಲ್ಲಿ ಏನೇನು ಹೋಯಿತು ಅಂತ ಇವತ್ತಿಗೂ ಗೊತ್ತಿಲ್ಲ. ಊರೂರಿನಿಂದ ಜನ ಕಳಿಸಿದ ಅರ್ಜಿ, ಪಹಣಿ, ಫೋಟೋ ಅದರಲ್ಲಿದ್ದವು. ನಮ್ಮಲ್ಲಿ ಉಳಿದ ಕೆಲವು ಮೇಲ್‌ಗಳಿಗೆ ಒಕ್ಕಣೆ ಮಾತ್ರ ಇದೆ. ಕಳಿಸಿದವರಲ್ಲಿ ಮೂವರಿಗೆ ಫೋನ್ ಮಾಡಿ ಮತ್ತೆ ಕೇಳಿದೆವು. ಇಬ್ಬರು ‘ನಿಮ್ಮ ಹತ್ರ ಇರತ್ತೆ ಅಂತ ನಾವು ಇಟ್ಕೊಳ್ಳಲಿಲ್ಲ ಸಾರ್’ ಅಂದರು.

ನಿಮ್ಮ ಫೋನಿಗೂ ಇದೇ ಮಾತು. ಮೆಮೊರಿ ತುಂಬಿತು ಅಂತ ಅದು ‘ಡೂಪ್ಲಿಕೇಟ್ ಅಳಿಸಲೇ?’ ಅಂತ ಕೇಳುತ್ತದೆ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಚಿಕ್ಕದಾಗುತ್ತದೆ, ತೆಗೆದ ತಾರೀಖಿನ ವಿವರವೂ ಒಳಗಿನಿಂದ ಹೋಗುತ್ತದೆ. ನೋಡಲು ಎರಡೂ ಒಂದೇ. ಕ್ಯಾಮೆರಾ ಫೋಲ್ಡರಿನದ್ದನ್ನು ಉಳಿಸಿಕೊಳ್ಳಿ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ. ಮನೆ, ಬೋರ್‌ವೆಲ್, ಬೇಲಿ, ಮರ ಇವುಗಳ ಒಂದೊಂದು ಫೋಟೋ ತೆಗೆದು ನಿಮ್ಮ ಮೇಲ್‌ಗೆ ನೀವೇ ಕಳಿಸಿಟ್ಟುಕೊಳ್ಳಿ. ನಮ್ಮಂಥ ಪೇಪರಿನವರ ಹತ್ತಿರ ಇರುತ್ತದೆ ಅಂತ ನಂಬಿ ಕೂರಬೇಡಿ.