ವಚನ ಚಿಂತನ: ಪರಸ್ಥಳದ ಮೊದಲ ದಿನಗಳು





ಮನೆಗೆ ಬಂದವರ ಕ್ಷೇಮವನ್ನು ವಿಚಾರಿಸುವುದರಿಂದ, ಕುಳಿತುಕೊಳ್ಳಿರೆಂದು ಹೇಳುವುದರಿಂದ ನಾವು ಕಳೆದುಕೊಳ್ಳುವುದೇನು ಎಂದು ಬಸವಣ್ಣನವರು ಪ್ರಶ್ನಿಸುವ ವಚನವು ತಮಗೆಲ್ಲರಿಗೂ ಪರಿಚಿತವಾದುದು. ಎಂ.ಎ. ತರಗತಿಯಲ್ಲಿ ನಾನು ಅದನ್ನು ಓದಿದೆ. ಶ್ರೀಮಠದ ಶಿಬಿರಗಳಲ್ಲಿ ಅನೇಕ ಸಲ ವಿವರಿಸಿದೆ. ಆದರೆ ಅದು ನನಗೆ ನಿಜವಾಗಿ ಅರ್ಥವಾದದ್ದು 2024ರ ಅಕ್ಟೋಬರಿನಲ್ಲಿ, ನನ್ನ ತಮ್ಮನು ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋದ ಮೊದಲ ವಾರಗಳಲ್ಲಿ.

ನಮ್ಮದು ಹಾವೇರಿ ಕಡೆಯ ಮನೆತನ. ತಂದೆಯವರ ನೌಕರಿಯ ನಿಮಿತ್ತ ಕಾರ್ಕಳದಲ್ಲಿ ನೆಲೆಸಿದೆವು. ತಮ್ಮನು ಪ್ರತಿದಿನ ಹಿರಿಯಡಕ, ಪರ್ಕಳಗಳ ಮಾರ್ಗವಾಗಿ ಬಸ್ಸಿನಲ್ಲಿ ಹೋಗಿ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದನು. ಹೊರಡುವ ಹಿಂದಿನ ಸಂಜೆ ನಾವಿಬ್ಬರೂ ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ಕುಳಿತಿದ್ದಾಗ ಅವನು, “ಅಣ್ಣಾ, ಅಲ್ಲಿ ನನ್ನನ್ನು ಬಲ್ಲವರು ಯಾರಿದ್ದಾರೆ?” ಎಂದನು. ಜರ್ಮನಿಯಿಂದ 1836ರಲ್ಲಿ ಮಂಗಳೂರಿಗೆ ಬಂದಿಳಿದ ಹರ್ಮನ್ ಮೋಗ್ಲಿಂಗ್ ಅವರನ್ನೂ ಇಲ್ಲಿ ಯಾರೂ ಬಲ್ಲವರಿರಲಿಲ್ಲ, ಆದರೂ ಮುಂದೆ ಅವರ ಗ್ರಂಥಮಾಲೆಯಲ್ಲಿಯೇ ಬಸವಪುರಾಣವು ಅಚ್ಚಾಯಿತು ಎಂದು ನಾನು ಉತ್ತರಿಸಿದೆ. ಉತ್ತರ ಸರಿಯಾಗಿತ್ತು, ಅವನು ಕೇಳಿದ್ದು ಮಾತ್ರ ಅದನ್ನಲ್ಲ.

ಶನಿವಾರ ರಾತ್ರಿ ಅವನು ಮ್ಯೂನಿಕ್ ತಲುಪಿದನು. ಮರುದಿನ ಭಾನುವಾರ, ಆ ದೇಶದಲ್ಲಿ ಅಂದು ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಅವ್ವ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳೇ ಆ ದಿನದ ಆಹಾರವಾದವು. ಹೊಸ ಮನೆ ಸೇರಿದ ಎರಡು ವಾರಗಳೊಳಗೆ ನಗರದ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಪತ್ರ ಬೇಕು. ತಾತ್ಕಾಲಿಕವಾಗಿ ಕೋಣೆ ಕೊಟ್ಟವರು ಪತ್ರ ಕೊಡಲು ಒಪ್ಪಲಿಲ್ಲ. ನೋಂದಣಿಯಿಲ್ಲದೆ ಅವನು ಹೋದ ಬ್ಯಾಂಕು ಖಾತೆ ತೆರೆಯಲಿಲ್ಲ. ವೀಸಾದ ನಿಯಮದಂತೆ ತಂದೆಯವರು ಸಾಲ ಮಾಡಿ ಮುಂಗಡವಾಗಿ ಇರಿಸಿದ್ದ 11,904 ಯೂರೋಗಳಿಂದ ತಿಂಗಳಿಗೆ 992 ಯೂರೋ ಬರಬೇಕಾಗಿತ್ತು. ಖಾತೆಯಿಲ್ಲದೆ ಅದೂ ಕೈಗೆ ಬರಲಿಲ್ಲ. ನೀರಿನ ಬಾಟಲಿಯನ್ನು ಅಂಗಡಿಗೆ ಮರಳಿಸಿದರೆ 25 ಸೆಂಟ್ ಹಿಂದಿರುಗುತ್ತದೆಂದು ತಿಳಿಯದೆ ಮೊದಲ ವಾರದ ಬಾಟಲಿಗಳನ್ನೆಲ್ಲ ಎಸೆದಿದ್ದನು. ಆಮೇಲೆ ಒಂದೊಂದು ಸೆಂಟನ್ನೂ ಎಣಿಸತೊಡಗಿದನು.

ಇದಾವುದೂ ನನಗೆ ಆಗ ಗೊತ್ತಿರಲಿಲ್ಲ. ಮೂರನೆಯ ವಾರ ಫೋನಿನಲ್ಲಿ ಅವನು ಕ್ಷೀಣ ಸ್ವರದಲ್ಲಿ, “ಅಣ್ಣಾ, ನಾಲ್ಕು ದಿನದಿಂದ ಲಿಂಗಪೂಜೆ ಆಗಿಲ್ಲ” ಎಂದನು. ನಾನು ಒಡನೆಯೇ ಉಪದೇಶಕ್ಕೆ ತೊಡಗಿದೆ. ಇಷ್ಟಲಿಂಗವು ಗುಡಿಯಲ್ಲಿ ನಿಲ್ಲುವ ದೇವರಲ್ಲ, ಅಂಗದ ಮೇಲಿದ್ದು ಭಕ್ತನೊಡನೆ ನಡೆಯುವ ದೇವರು. ಆದುದರಿಂದ ಲಿಂಗವಂತನಿಗೆ ಪರದೇಶವೆಂಬುದೇ ಇಲ್ಲ ಎಂದು ಹತ್ತು ನಿಮಿಷ ಮಾತನಾಡಿದೆ. ಅವನು “ಹೂಂ” ಎನ್ನುತ್ತಿದ್ದನು.

ಅಷ್ಟರಲ್ಲಿ ಅವ್ವ ಫೋನನ್ನು ತೆಗೆದುಕೊಂಡು ಕೇಳಿದಳು: “ಉಂಡೀಯೇನ ತಮ್ಮಾ? ಏನ್ ಉಂಡಿ?”

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಬಳಿಕ ಅವನು ಅತ್ತನು. ಎರಡು ದಿನಗಳಿಂದ ಬರಿಯ ಬ್ರೆಡ್ಡು ತಿಂದಿದ್ದನು. ಕೋಣೆಯ ಸಂಗತಿ, ಹಣದ ಸಂಗತಿ ಎಲ್ಲವೂ ಆಗ ಹೊರಬಂದವು.

ರಾತ್ರಿ ಅವ್ವ ನನಗೊಂದು ಹಳೆಯ ಮಾತನ್ನು ಹೇಳಿದಳು. ಕಾರ್ಕಳಕ್ಕೆ ಬಂದ ಹೊಸದರಲ್ಲಿ ಆಕೆಗೆ ತುಳು ಬಾರದು, ಜೋಳ ಸಿಗದು, ಸುತ್ತಮುತ್ತ ನಮ್ಮವರೆಂಬವರಿಲ್ಲ. ಕೆಳದಿಯ ವೀರಶೈವ ಅರಸರು ಆಳಿದ ಕರಾವಳಿಯೇ ಆದರೂ ಲಿಂಗವಂತರ ಮನೆಗಳು ಇಲ್ಲಿ ವಿರಳ. ನಾಲ್ಕನೆಯ ದಿನ ಪಕ್ಕದ ಮನೆಯ ಅಕ್ಕ ಬಾಗಿಲಲ್ಲಿ ನಿಂತು, “ಒಣಸ್ ಆಂಡಾ?” ಎಂದರಂತೆ. ಅರ್ಥವಾಗದೆ ಅವ್ವ ಸುಮ್ಮನೆ ನೋಡಿದಳು. ಆಕೆ ಹಿಂದಿರುಗಿ ಹೋಗಿ ಕುಚ್ಚಲಕ್ಕಿ ಗಂಜಿಯನ್ನೂ ಮಾವಿನ ಉಪ್ಪಿನಕಾಯಿಯನ್ನೂ ತಂದಿಟ್ಟರು. ಊಟವಾಯಿತೇ ಎಂಬುದು ಅವ್ವ ಕಲಿತ ಮೊದಲ ತುಳು ಮಾತು. “ಆವತ್ತಿಂದ ಈ ಊರು ನಂದಾತು” ಎಂದಳು.

ನನಗೆ ಮರುಳಶಂಕರದೇವರ ನೆನಪಾಯಿತು. ದೂರದ ಅಫಘಾನಿಸ್ತಾನದ ಕಡೆಯಿಂದ ಕಲ್ಯಾಣಕ್ಕೆ ಬಂದವರೆಂದು ಸಂಪ್ರದಾಯವು ಅವರ ಬಗೆಗೆ ಹೇಳುತ್ತದೆ. ಮಹಾಮನೆಯ ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ ಅಜ್ಞಾತರಾಗಿದ್ದರು. ಅವರನ್ನು ಗುರುತಿಸಿದವರು ಅಲ್ಲಮಪ್ರಭುಗಳು. ಲಕ್ಷಾಂತರ ಜಂಗಮರಿಗೆ ದಾಸೋಹ ನಡೆದ ಮನೆಯಲ್ಲಿಯೂ ಒಬ್ಬ ಪರಸ್ಥಳದವನು ಕಣ್ಣಿಗೆ ಬೀಳದೆ ಉಳಿಯಬಲ್ಲನು. ಹೀಗಿರಲು ನನ್ನಂತಹವನ ಪಾಡೇನು? ತಮ್ಮನ ಪೂಜೆಯ ಲೆಕ್ಕವನ್ನು ಕೇಳಿದೆ, ಹೊಟ್ಟೆಯನ್ನು ಕೇಳಲಿಲ್ಲ. ಬಸವಣ್ಣನವರ ಆ ವಚನದ ಕೊನೆಯಲ್ಲಿ ದೇವರು ವಿಧಿಸುವ ಕಠಿಣ ದಂಡನೆಯು ಲೋಭಿಗಳಿಗೆ ಹೇಳಿದ್ದೆಂದು ನಾನು ಬೋಧಿಸುತ್ತಿದ್ದೆ. ಮಾತಿನಲ್ಲಿಯೂ ಲೋಭವುಂಟೆಂದು, ಹತ್ತು ನಿಮಿಷ ಮಾತನಾಡಿಯೂ ಆ ಒಂದು ಮಾತನ್ನು ಉಳಿಸಿಕೊಂಡ ಲೋಭಿ ನಾನೆಂದು ಅಂದು ಅರಿತೆ.

ನವೆಂಬರಿನಲ್ಲಿ ಅವನಿಗೆ ಬೇರೆ ಕೋಣೆ ದೊರೆಯಿತು, ನೋಂದಣಿಯೂ ಆಯಿತು. ಒಂದು ಭಾನುವಾರ ಅವನು ಹೇಳಿದನು: ಆಗಷ್ಟೇ ಬಂದ ನೇಪಾಳದ ವಿದ್ಯಾರ್ಥಿಯೊಬ್ಬನನ್ನು ತಾನೇ ಕಚೇರಿಗೆ ಕರೆದೊಯ್ದು, ಸಂಜೆ ಅನ್ನ-ಸಾರು ಮಾಡಿ ಬಡಿಸಿದನಂತೆ. ಪೂಜೆಯ ವಿಷಯವನ್ನು ನಾನು ಕೇಳಲಿಲ್ಲ. ಅವನೇ, “ಬೆಳಿಗ್ಗೆ ಮಾಡ್ತೇನೆ ಅಣ್ಣಾ, ಕೆಲವು ದಿನ ತಪ್ಪುತ್ತದೆ” ಎಂದನು.

ಈಗ ಶ್ರೀಮಠಕ್ಕೆ ಹೊಸ ವಿದ್ಯಾರ್ಥಿ ಬಂದರೆ ನಾನು ವಚನ ಹೇಳಿಸುವ ಮೊದಲು ಊಟವಾಯಿತೇ ಎಂದು ಕೇಳುತ್ತೇನೆ. ತಮ್ಮ ಮಕ್ಕಳೂ ದೂರದ ಊರುಗಳಲ್ಲಿ ಇರಬಹುದು. ದೂರದ ಊರಿನ ಮಕ್ಕಳು ತಮ್ಮ ಪಕ್ಕದಲ್ಲಿಯೂ ಇರಬಹುದು. ದಯಮಾಡಿ ಇಬ್ಬರನ್ನೂ ಕೇಳಿರಿ.