ಪಂಚೆ ಒದ್ದೆಯಾಗುತ್ತೆ ಅಂತ ಮನೆಯಲ್ಲೇ ಕೂತವರು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಸುದ್ದಿಗೆ ಅಂತ ನಾನು ಬೈಕಿನಲ್ಲಿ ಸುತ್ತೋದು ಈ ನಾಲ್ಕು ತಾಲ್ಲೂಕು. ಯಾವ ಅರಳಿಕಟ್ಟೆಗೆ ಹೋದರೂ ವಯಸ್ಸಾದವರು ಶುಗರ್, ಬಿ.ಪಿ., ಮಂಡಿನೋವಿನ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ. ಪ್ರಾಸ್ಟೇಟ್ ಅಂದರೆ ಮಾತ್ರ ಎಲೆಅಡಿಕೆ ಚೀಲಕ್ಕೆ ಕೈ ಹಾಕ್ತಾರೆ.

ನಮ್ಮ ದೊಡ್ಡಪ್ಪನಿಗೆ ಬೆಂಗಳೂರಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆಯ್ತು. ಗೆಡ್ಡೆ ಹೋಯ್ತು, ಜೀವ ಉಳೀತು. ಆದರೆ ಮನುಷ್ಯ ಬಸ್ ಹತ್ತೋದು ಬಿಟ್ಟ, ಮದುವೆಗೆ ಹೋಗೋದು ಬಿಟ್ಟ, ಕೊನೆಗೆ ನೀರು ಕುಡಿಯೋದನ್ನೂ ಕಮ್ಮಿ ಮಾಡಿದ. ಕೆಮ್ಮಿದರೆ, ಎದ್ದರೆ ಮೂತ್ರ ಸೋರುತ್ತಿತ್ತು. ಡಿಸ್ಚಾರ್ಜ್ ಕಾಗದದಲ್ಲಿ ವ್ಯಾಯಾಮದ ಬಗ್ಗೆ ಇಂಗ್ಲಿಷಿನಲ್ಲಿ ಎರಡು ಸಾಲಿತ್ತು. ಮನೆಯವರು ಓದಿದ್ದು ಮಾತ್ರೆಯ ಪಟ್ಟಿ ಅಷ್ಟೇ.

ಯಾಕೆ ಸೋರುತ್ತೆ? ನಾಲೆ ತೂಬಿಗೆ ಎರಡು ಗೇಟಿದ್ದು, ಒಂದನ್ನು ಕಿತ್ತ ಹಾಗೆ. ಪ್ರಾಸ್ಟೇಟ್ ಇರೋದು ಮೂತ್ರಕೋಶದ ಬಾಯಲ್ಲೇ. ಅದನ್ನು ತೆಗೆದ ಮೇಲೆ ತಡೆಯೋ ಕೆಲಸವೆಲ್ಲ ಕೆಳಗಿನ ಸ್ನಾಯುವಿನ ಮೇಲೆ ಬೀಳುತ್ತೆ. ಆ ಸ್ನಾಯುವನ್ನು ಗಟ್ಟಿ ಮಾಡೋದೇ ಕೆಗೆಲ್ ವ್ಯಾಯಾಮ. 1948ರಲ್ಲಿ ಅಮೆರಿಕದ ಆರ್ನಾಲ್ಡ್ ಕೆಗೆಲ್ ಎಂಬ ವೈದ್ಯ ಇದನ್ನು ಬರೆದದ್ದು ಹೆರಿಗೆಯಾದ ಹೆಂಗಸರಿಗಾಗಿ. ಅದಕ್ಕೇ ನಮ್ಮ ಗಂಡಸರಿಗೆ ಸಂಕೋಚ. ಸ್ನಾಯುವಿಗೆ ಗಂಡು ಹೆಣ್ಣು ಗೊತ್ತಿಲ್ಲ.

ಮಾಡೋದು ಹೀಗೆ. ನಾಲ್ಕು ಜನರ ನಡುವೆ ಕೂತಿದ್ದೀರಿ, ಹೂಸು ಬರ್ತಿದೆ, ತಡೆದುಕೊಳ್ಳಬೇಕು. ಆಗ ಒಳಕ್ಕೆ ಎಳೆದುಕೊಳ್ತೀರಲ್ಲ, ಅದೇ. ಐದು ಎಣಿಸೋವರೆಗೆ ಬಿಗಿಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಒಂದು ಸಲಕ್ಕೆ 10, ದಿನಕ್ಕೆ ಮೂರು ಸಲ. ಮೊದಲು ಮಲಗಿ, ಆಮೇಲೆ ಕೂತು, ಆಮೇಲೆ ನಿಂತು. ಉಸಿರು ಕಟ್ಟಬಾರದು; ತೊಡೆ, ಹೊಟ್ಟೆ, ಕುಂಡೆ ಬಿಗಿಯಬಾರದು. ಮೂತ್ರದ ಪೈಪ್ ಇರುವಾಗ ಬೇಡ, ತೆಗೆದ ಮೇಲೆ ಡಾಕ್ಟರನ್ನು ಕೇಳಿ ಶುರು ಮಾಡಿ. ಕೆಮ್ಮೋ ಮುಂಚೆ, ಏಳೋ ಮುಂಚೆ ಒಂದು ಸಲ ಬಿಗಿಹಿಡಿಯೋದು ರೂಢಿಯಾದರೆ ಅರ್ಧ ಗೆದ್ದಂಗೆ.

ವಾರದಲ್ಲಿ ಗುಣ ಕಾಣಲ್ಲ. ತಿಂಗಳುಗಳೇ ಬೇಕು, ಕೆಲವರಿಗೆ ವರ್ಷ. ದೊಡ್ಡಪ್ಪ ಎರಡನೇ ವಾರಕ್ಕೇ 'ಇದೇನು ಪ್ರಯೋಜನಿಲ್ಲ ಕಣ್ಲಾ' ಅಂದಿದ್ದ. ನಾಲ್ಕನೇ ತಿಂಗಳಿಗೆ ಸಂತೆಗೆ ಹೊರಟ.

ನಡಿಗೆಯಂತೂ ಆಸ್ಪತ್ರೆಯಿಂದಲೇ ಶುರುವಾಗಬೇಕು. ಮಲಗಿಬಿಟ್ಟರೆ ಕಾಲಿನ ರಕ್ತ ಹೆಪ್ಪುಗಟ್ಟೋ ಅಪಾಯ. ಮನೆ ಸುತ್ತ, ಆಮೇಲೆ ನಾಲೆ ಏರಿ ಮೇಲೆ, ದಿನಾ ಒಂಚೂರು ಜಾಸ್ತಿ. ಆದರೆ ಸುಮಾರು ಆರು ವಾರ ಬಿಂದಿಗೆ, ಗೊಬ್ಬರದ ಮೂಟೆ, ಕಬ್ಬಿನ ಹೊರೆ ಮುಟ್ಟಬೇಡಿ. ಸೈಕಲ್, ಟ್ರ್ಯಾಕ್ಟರ್ ಸೀಟು ಡಾಕ್ಟರ್ ಹೂಂ ಅಂದ ಮೇಲೆ. ಮೀನಖಂಡ ಊದಿ ನೋವಾದರೆ, ಜ್ವರ ಬಂದರೆ, ಮೂತ್ರ ನಿಂತೇ ಹೋದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಹಾರ್ಮೋನ್ ಇಂಜೆಕ್ಷನ್ ತಗೊಳ್ಳೋರಿಗೆ ಇನ್ನೊಂದು ಮಾತು. ಅದರಿಂದ ಮೂಳೆ, ಸ್ನಾಯು ಸವೆಯುತ್ತೆ. ನಡಿಗೆ ಒಂದೇ ಸಾಲದು. ಗಾಯ ಮಾಗಿದ ಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಗೋಡೆಗೆ ಕೈಕೊಟ್ಟು ತಳ್ಳೋದು ಮಾಡಬಹುದು. ಮಂಡ್ಯದ ಮಿಮ್ಸ್‌ಗೋ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಗೋ ಹೋದಾಗ ಫಿಸಿಯೋಥೆರಪಿಯವರು ಎಲ್ಲಿ ಅಂತ ಕೇಳಿ.

ನೀರು ಬಿಡಬೇಡಿ. ಮೂತ್ರ ಗಟ್ಟಿಯಾದಷ್ಟೂ ಅವಸರ ಹೆಚ್ಚು. ಬಿಡೋದಾದರೆ ಟೀ ಕಮ್ಮಿ ಮಾಡಿ. ಮೆಡಿಕಲ್ ಶಾಪಿನಲ್ಲಿ ಪ್ಯಾಡ್ ಕೇಳೋಕೆ ಅಪ್ಪನಿಗೆ ನಾಚಿಕೆ ಆದರೆ, ಮಗನೇ ಹೋಗಿ ತಂದು ಕಪಾಟಿನಲ್ಲಿ ಇಡಲಿ, ಏನೂ ಮಾತಾಡದೆ.